ದೆಹಲಿ ರೈಲಿನಲ್ಲಿ ಮನೆಮಂದಿಗೆಲ್ಲ ಒಂದೇ ಕಡೆ ಬರ್ತ್ ಸಿಗಬೇಕೆಂದರೆ

ಪ್ರಶ್ನೆ: ರಜೆಯಲ್ಲಿ ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್‌ ಹಿಡಿದು ದೆಹಲಿಗೆ, ಅಲ್ಲಿಂದ ಹರಿದ್ವಾರಕ್ಕೆ ಹೋಗುವವರಿದ್ದೇವೆ. ಮಾವನವರಿಗೆ 68, ಅತ್ತೆಯವರಿಗೆ 63, ಇಬ್ಬರಿಗೂ ಮೊಣಕಾಲು ನೋವು. ಜೊತೆಗೆ ನಮ್ಮ ಯಜಮಾನರು, ನಾನು, ನಾದಿನಿ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಹಿಂದೊಮ್ಮೆ ಹೀಗೇ ಹೊರಟಾಗ ವೇಟಿಂಗ್ ಲಿಸ್ಟ್ ಟಿಕೆಟ್ ಕೊನೆಗೆ ಕನ್ಫರ್ಮ್ ಏನೋ ಆಯಿತು, ಆದರೆ ಮೂರು ಬೋಗಿಗೆ ಹಂಚಿಹೋದೆವು. ರಾತ್ರಿಯಿಡೀ ಅತ್ತೆ ಒಂದು ಕಡೆ, ಮಗಳು ಇನ್ನೊಂದು ಕಡೆ. ಈ ಸಲ ಥರ್ಡ್ ಎಸಿಯಲ್ಲಿ ಎಲ್ಲರೂ ಒಟ್ಟಿಗೆ ಇರಲು ಏನು ಮಾಡಬೇಕು?

ಉತ್ತರ: ಮೊದಲು, ಕಳೆದ ಸಲ ಹಾಗೇಕಾಯಿತು ಎಂಬುದನ್ನು ನೋಡೋಣ. ವೇಟಿಂಗ್ ಲಿಸ್ಟ್ ಟಿಕೆಟ್ ಕನ್ಫರ್ಮ್ ಆಗುವುದು ಬೇರೆಯವರು ರದ್ದು ಮಾಡಿದ ಬರ್ತ್‌ಗಳಿಂದ. ಬಿ1ರಲ್ಲಿ ಯಾರೋ ಒಬ್ಬರು, ಬಿ4ರಲ್ಲಿ ಇನ್ನಿಬ್ಬರು ರದ್ದು ಮಾಡಿರುತ್ತಾರೆ. ಪ್ರಯಾಣಿಕರ ಅಂತಿಮ ಪಟ್ಟಿ, ಅಂದರೆ ಚಾರ್ಟ್, ಸಿದ್ಧವಾಗುವ ಹೊತ್ತಿಗೆ ಕಂಪ್ಯೂಟರ್ ಆ ಚೂರುಪಾರನ್ನೇ ನಿಮಗೆ ಹಂಚುತ್ತದೆ. ಹಾಗಾಗಿ ಮನೆಮಂದಿ ಒಟ್ಟಿಗೆ ಇರುವುದು ಬಹುಪಾಲು ಟಿಕೆಟ್ ತೆಗೆಯುವ ದಿನವೇ ತೀರ್ಮಾನವಾಗಿಬಿಡುತ್ತದೆ. ರೈಲಿನೊಳಗೆ ಮಾಡಬಹುದಾದದ್ದು ಸಣ್ಣಪುಟ್ಟ ಹೊಂದಾಣಿಕೆ ಮಾತ್ರ.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನ ಇದರಲ್ಲಿ ಸೇರುವುದಿಲ್ಲ. ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ಕಲಬುರಗಿಯವರು ಎಡವುವುದು ಇಲ್ಲೇ. ಗಾಡಿ ಬೆಂಗಳೂರು ಬಿಡುವುದು ಸಂಜೆ, ನಿಮ್ಮೂರಿಗೆ ಬರುವುದು ಮರುದಿನ ಬೆಳಗಿನ ಜಾವ. 60 ದಿನದ ಲೆಕ್ಕ ಹಿಡಿಯಬೇಕಾದದ್ದು ಗಾಡಿ ಬೆಂಗಳೂರು ಬಿಡುವ ತಾರೀಖಿನಿಂದ. ನೀವು 20ರಂದು ಹತ್ತುವವರಾದರೆ ಅದು 19ರ ಗಾಡಿ. 20ಕ್ಕೆ ಲೆಕ್ಕ ಹಾಕಿ ಕೂತರೆ ಒಂದು ದಿನ ತಡವಾಗಿ ಹೋಗುತ್ತೀರಿ, ರಜೆ ಕಾಲದಲ್ಲಿ ಆ ಒಂದು ದಿನದಲ್ಲಿ ಲೋಯರ್ ಬರ್ತ್‌ಗಳು ಖಾಲಿಯಾಗಿರುತ್ತವೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಈಗಲೇ ಮುಗಿಸಿಡಿ. ಬುಕಿಂಗ್ ತೆರೆಯುವ ಹೊತ್ತಿನಲ್ಲಿ ಅದಿಲ್ಲದ ಖಾತೆಯಿಂದ ಟಿಕೆಟ್ ತೆಗೆಯಲಾಗದು. ಎಲ್ಲರ ಹೆಸರು, ವಯಸ್ಸನ್ನು ಹಿಂದಿನ ದಿನವೇ ಆ ಖಾತೆಯ ಮಾಸ್ಟರ್ ಲಿಸ್ಟ್‌ಗೆ (ಪ್ರಯಾಣಿಕರ ಪಟ್ಟಿಗೆ) ಸೇರಿಸಿಡಿ.

ಇನ್ನು ಟಿಕೆಟ್ ಒಂದೋ ಎರಡೋ? ಒಂದು ಪಿಎನ್‌ಆರ್‌ನಲ್ಲಿ, ಅಂದರೆ ಒಂದು ಟಿಕೆಟ್ ನಂಬರ್‌ನಲ್ಲಿ, ಆರು ಜನರಿಗೆ ಅವಕಾಶವಿದೆ. ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ಟೇ ಬೇಕಿಲ್ಲ, ಹಾಗಾಗಿ ನಿಮ್ಮ ಮಗ ಆ ಲೆಕ್ಕಕ್ಕೆ ಬರುವುದಿಲ್ಲ. ಆರೂ ಜನರನ್ನು ಒಂದೇ ಟಿಕೆಟ್‌ಗೆ ಹಾಕೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಪ್ರತಿ ಬೋಗಿಯಲ್ಲೂ ಕೆಲವು ಲೋಯರ್ ಬರ್ತ್‌ಗಳನ್ನು ಹಿರಿಯರಿಗೆಂದೇ ಮೀಸಲಿಟ್ಟಿರುತ್ತಾರೆ, 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಆದರೆ ಆ ಕೋಟಾ ಸಿಗುವುದು ಅಂಥವರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟ್‌ನಲ್ಲಿದ್ದಾಗ ಮಾತ್ರ. ಅದೇ ಟಿಕೆಟ್‌ಗೆ ನಿಮ್ಮ ಹೆಸರು ಸೇರಿದ ಕೂಡಲೇ ಅತ್ತೆ ಮಾವನ ಆ ಹಕ್ಕು ಹೋಯಿತು. ಮೊಣಕಾಲು ನೋವಿನವರನ್ನು ಮಿಡ್ಲ್ ಬರ್ತ್‌ಗೆ ಹತ್ತಿಸುವುದಕ್ಕಿಂತ ಎರಡು ಟಿಕೆಟ್ ತೆಗೆಯುವುದು ಎಷ್ಟೋ ಮೇಲು.

ಆದ್ದರಿಂದ ಮೊದಲು ಅತ್ತೆ ಮಾವ ಇಬ್ಬರದೇ ಟಿಕೆಟ್ ಆ ಕೋಟಾದಲ್ಲಿ ತೆಗೆಯಿರಿ. ಬಂದ ಬೋಗಿ, ಬರ್ತ್ ನಂಬರ್ ನೋಡಿಕೊಳ್ಳಿ. ತಕ್ಷಣ ಉಳಿದ ನಾಲ್ವರ ಟಿಕೆಟ್‌ಗೆ ಬನ್ನಿ. ಅಲ್ಲಿ ಯಾವ ಬೋಗಿ ಬೇಕು ಎಂದು ತುಂಬುವ ಒಂದು ಖಾನೆ ಇದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಅತ್ತೆಯವರಿಗೆ ಬಿ3 ಬಂದಿದ್ದರೆ ಅದರಲ್ಲಿ ಬಿ3 ಎಂದೇ ಹಾಕಿ. ಜಾಗ ಇದ್ದರೆ ಕೊಡುತ್ತದೆ, ಖಾತ್ರಿಯೇನಿಲ್ಲ. ಬುಕಿಂಗ್ ತೆರೆದ ಮೊದಲ ನಿಮಿಷಗಳಲ್ಲಿ ಬೋಗಿಗಳು ಇನ್ನೂ ಖಾಲಿ ಇರುವುದರಿಂದ ಸಿಗುವ ಸಾಧ್ಯತೆ ಹೆಚ್ಚು.

ಅದೇ ಪುಟದಲ್ಲಿ ಕೆಲವು ಷರತ್ತುಗಳು ಕಾಣುತ್ತವೆ. ಅವುಗಳಲ್ಲಿ ನಿಮಗೆ ಸಂಬಂಧಿಸಿದ್ದು ಎರಡು: ಎಲ್ಲ ಬರ್ತ್ ಒಂದೇ ಬೋಗಿಯಲ್ಲಿದ್ದರೆ ಮಾತ್ರ ಬುಕ್ ಮಾಡು ಎಂಬುದು ಒಂದು, ಕನಿಷ್ಠ ಒಂದು ಲೋಯರ್ ಇದ್ದರೆ ಮಾತ್ರ ಬುಕ್ ಮಾಡು ಎಂಬುದು ಇನ್ನೊಂದು. ಆರಿಸಬಹುದಾದದ್ದು ಒಂದನ್ನೇ. ಮಗ ರಾತ್ರಿ ನಿಮ್ಮ ಪಕ್ಕದಲ್ಲೇ ಮಲಗಬೇಕಲ್ಲ, ಲೋಯರ್‌ನದನ್ನೇ ಆರಿಸಿ. ಮೊದಲ ದಿನ ಒಂದೇ ಟಿಕೆಟ್‌ನ ನಾಲ್ವರು ಸಾಮಾನ್ಯವಾಗಿ ಒಂದೇ ಬೋಗಿಯಲ್ಲಿ ಬರುತ್ತಾರೆ, ಅದಕ್ಕೆ ಷರತ್ತು ಖರ್ಚು ಮಾಡಬೇಕಿಲ್ಲ.

ಆಟೋ ಅಪ್‌ಗ್ರೇಡ್‌ಗೆ (ಮೇಲಿನ ದರ್ಜೆಯಲ್ಲಿ ಖಾಲಿ ಇದ್ದರೆ ತಾನಾಗಿ ಅಲ್ಲಿಗೆ ಏರಿಸುವುದಕ್ಕೆ) ಒಪ್ಪಿಗೆ ಇದೆಯೇ ಎಂದು ಕೇಳಿದರೆ ಎರಡೂ ಟಿಕೆಟ್‌ನಲ್ಲಿ ಬೇಡ ಎನ್ನಿ. ಅಪ್‌ಗ್ರೇಡ್ ಆಗುವುದು ಪಿಎನ್‌ಆರ್ ಲೆಕ್ಕದಲ್ಲಿ. ಅತ್ತೆ ಮಾವನ ಟಿಕೆಟ್ ಮಾತ್ರ ಸೆಕೆಂಡ್ ಎಸಿಗೆ ಏರಿ, ನೀವು ಥರ್ಡ್ ಎಸಿಯಲ್ಲೇ ಉಳಿದರೆ ಇಷ್ಟು ಕಷ್ಟಪಟ್ಟದ್ದೆಲ್ಲ ವ್ಯರ್ಥ. ವೇಟಿಂಗ್‌ನವರನ್ನು ಬೇರೆ ರೈಲಿಗೆ ಹಾಕುವ ವಿಕಲ್ಪ್ ಯೋಜನೆಯೂ ನಿಮಗೆ ಬೇಡ. ಒಂದು ಟಿಕೆಟ್ ಕನ್ಫರ್ಮ್, ಇನ್ನೊಂದು ವೇಟಿಂಗ್ ಎಂದಾದರೆ ಕಾಯುತ್ತ ಕೂರದೆ ಎರಡನ್ನೂ ಬಿಟ್ಟು ಬೇರೆ ತಾರೀಖು ನೋಡಿ. ಕಲಬುರಗಿಯಿಂದ ಬರ್ತ್ ತೋರಿಸದೆ ಬೆಂಗಳೂರಿನಿಂದ ತೋರಿಸಿದರೆ, ಟಿಕೆಟ್ ಬೆಂಗಳೂರಿನಿಂದ ತೆಗೆದು ಹತ್ತುವ ನಿಲ್ದಾಣ ಕಲಬುರಗಿ ಎಂದು ಕೊಡಬಹುದು. ದರ ಬೆಂಗಳೂರಿನದೇ ಬೀಳುತ್ತದೆ. ದುಡ್ಡು ಹೆಚ್ಚಾಯಿತು ನಿಜ, ವಯಸ್ಸಾದವರಿದ್ದಾಗ ನಾನದನ್ನು ದುಂದು ಎನ್ನುವುದಿಲ್ಲ.

ಆರೂ ಜನ ಒಂದೇ ಕಂಪಾರ್ಟ್‌ಮೆಂಟ್‌ನಲ್ಲಿ ಎದುರುಬದುರು ಕೂರಬೇಕು ಎಂಬ ಆಸೆ ಇದ್ದರೆ ಅದನ್ನು ಸ್ವಲ್ಪ ಸಡಿಲಿಸಿ. ನಿಮಗೆ ಮೂರು ಲೋಯರ್ ಬೇಕು: ಅತ್ತೆಗೊಂದು, ಮಾವನಿಗೊಂದು, ಮಗನ ಜೊತೆ ನಿಮಗೊಂದು. ಸೈಡ್ ಲೋಯರ್ ಬಿಟ್ಟರೆ ಒಂದು ಕಂಪಾರ್ಟ್‌ಮೆಂಟ್‌ನಲ್ಲಿ ಇರುವುದೇ ಎರಡು. ಅಕ್ಕಪಕ್ಕದ ಎರಡು ಕಂಪಾರ್ಟ್‌ಮೆಂಟ್ ಸಿಕ್ಕರೆ ನಿಮ್ಮ ಮನೆಗೆ ಅದೇ ಸರಿಯಾದ ವ್ಯವಸ್ಥೆ.

ನಂಬರ್ ನೋಡಿ ಜಾಗ ಗುರುತಿಸುವುದು ಸುಲಭ. ಥರ್ಡ್ ಎಸಿ, ಸ್ಲೀಪರ್‌ಗಳಲ್ಲಿ ಎಂಟೆಂಟು ಬರ್ತ್‌ಗೆ ಒಂದು ಕಂಪಾರ್ಟ್‌ಮೆಂಟ್. ನಂಬರನ್ನು ಎಂಟರಿಂದ ಭಾಗಿಸಿ. ಶೇಷ 1, 4 ಬಂದರೆ ಲೋಯರ್; 2, 5 ಮಿಡ್ಲ್; 3, 6 ಅಪ್ಪರ್; 7 ಸೈಡ್ ಲೋಯರ್; ಶೇಷ ಉಳಿಯದಿದ್ದರೆ ಸೈಡ್ ಅಪ್ಪರ್. ಅತ್ತೆ ಮಾವನಿಗೆ 17 ಮತ್ತು 20, ನಿಮಗೆ 25, 26, 27, ಯಜಮಾನರಿಗೆ 43 ಬಂದಿದೆ ಎಂದುಕೊಳ್ಳಿ. ಹಿರಿಯರಿಬ್ಬರಿಗೂ ಲೋಯರ್, ಒಂದೇ ಕಂಪಾರ್ಟ್‌ಮೆಂಟ್. ಅದಕ್ಕೆ ತಾಗಿದ್ದರಲ್ಲೇ ನೀವು 25ರ ಲೋಯರ್‌ನಲ್ಲಿ, ಮೇಲೆ 26ರಲ್ಲಿ ಮಗಳು, ಅದರ ಮೇಲೆ ನಾದಿನಿ. ಯಜಮಾನರೊಬ್ಬರೇ ದೂರ, ಅದೂ ಅಪ್ಪರ್. ನಿಮ್ಮ ಕಂಪಾರ್ಟ್‌ಮೆಂಟ್‌ನಲ್ಲಿ 30ನೇ ನಂಬರ್ ಕೂಡ ಅಪ್ಪರ್. ಅಲ್ಲಿ ಒಬ್ಬರೇ ಹೊರಟವರಿದ್ದರೆ ಕೇಳಬೇಕಾದದ್ದು ಅವರನ್ನೇ, ಏಕೆಂದರೆ ನೀವು ಕೊಡುತ್ತಿರುವುದು ಅದೇ ಬೋಗಿಯ ಅಂಥದ್ದೇ ಬರ್ತ್.

ಬರ್ತ್ ಬದಲಾಯಿಸಿಕೊಳ್ಳುವಾಗ ನಾನು ಬಿಡದೆ ಪಾಲಿಸುವುದು ಇದೊಂದನ್ನೇ: ಒಪ್ಪಿದವರಿಗೆ ನಷ್ಟವಾಗಬಾರದು. ಲೋಯರ್ ಇರುವವರಿಗೆ ಮಿಡ್ಲ್ ಕೊಡುತ್ತೇನೆ ಎನ್ನುವುದು, ಸಾಮಾನು ಹೊತ್ತು ಬೇರೆ ಬೋಗಿಗೆ ಹೋಗಿ ಎನ್ನುವುದು ನ್ಯಾಯವಲ್ಲ. ಅವರ ಜಾಗದಲ್ಲಿ ಮೊದಲು ಕೂತು, ಚಾದರ ಹಾಸಿ, ಆಮೇಲೆ ಕೇಳುವುದಂತೂ ಬೇಡವೇ ಬೇಡ. ನೀವು ಹತ್ತುವಾಗ ಬೋಗಿಯೆಲ್ಲ ನಿದ್ದೆಯಲ್ಲಿರುತ್ತದೆ. ಯಾರನ್ನೂ ಎಬ್ಬಿಸದೆ ನಿಮ್ಮ ನಿಮ್ಮ ಬರ್ತ್‌ಗೆ ಹೋಗಿಬಿಡಿ. ರಾತ್ರಿ 10ರಿಂದ ಬೆಳಿಗ್ಗೆ 6 ಮಲಗುವ ಹೊತ್ತೆಂದು ರೈಲ್ವೆಯ ನಿಯಮವೇ ಇದೆ. ಎಲ್ಲರೂ ಎದ್ದು ಚಹಾ ಕುಡಿಯುವ ಹೊತ್ತಿಗೆ ಯಜಮಾನರು ಹೋಗಿ, “ಭಾಯಿಸಾಬ್, ನಂದೂ ಅಪ್ಪರ್ರೇ, ಇದೇ ಬೋಗಿಯಲ್ಲಿ 43. ಮಕ್ಕಳು ಇಲ್ಲಿದ್ದಾರೆ, ಬದಲಾಯಿಸಿಕೊಳ್ಳೋಣವೇ?” ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಕೇಳಲಿ. ಮುಂದಿನ ರಾತ್ರಿಗೆ ಇಡೀ ಹಗಲು ಬಾಕಿ ಇರುತ್ತದೆ, ಅವಸರವಿಲ್ಲ. ಒಲ್ಲೆ ಎಂದರೆ ಅಲ್ಲಿಗೇ ಬಿಡಿ. ಒಪ್ಪಿದರೆ ಟಿಟಿಇಗೆ ಒಂದು ಮಾತು ತಿಳಿಸಿ. ಖಾಲಿ ಬರ್ತ್ ಇದ್ದರೆ ಅವರ ಕೈಯ ಯಂತ್ರದಲ್ಲಿ ಕಾಣುತ್ತದೆ, ಆದರೆ ಅದು ಮೊದಲು ಆರ್‌ಎಸಿಯವರಿಗೆ, ಅಂದರೆ ಪೂರ್ತಿ ಬರ್ತ್ ಸಿಗದೆ ಕೂರಲು ಮಾತ್ರ ಜಾಗ ಸಿಕ್ಕವರಿಗೆ, ಸೇರಬೇಕಾದದ್ದು.

ಖರ್ಚು ಪರವಾಗಿಲ್ಲ ಎಂದಾದರೆ ಸೆಕೆಂಡ್ ಎಸಿಯನ್ನೂ ನೋಡಿ. ಅಲ್ಲಿ ಮಿಡ್ಲ್ ಬರ್ತ್ ಇಲ್ಲ, ಸೈಡಿನ ಎರಡೂ ಸೇರಿ ಆರು ಬರ್ತ್‌ಗೆ ಒಂದು ಕಂಪಾರ್ಟ್‌ಮೆಂಟ್. ತತ್ಕಾಲ್ ಮಾತ್ರ ನೆಚ್ಚಿಕೊಳ್ಳಬೇಡಿ. ಅದರಲ್ಲಿ ಒಂದು ಟಿಕೆಟ್‌ಗೆ ನಾಲ್ಕೇ ಜನ, ಕನ್ಫರ್ಮ್ ಆದದ್ದನ್ನು ರದ್ದು ಮಾಡಿದರೆ ಹಣವೂ ವಾಪಸ್ ಬರುವುದಿಲ್ಲ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಅರ್ಧ ಟಿಕೆಟ್ ತೆಗೆದರೆ ನಮ್ಮ ಪಕ್ಕದಲ್ಲೇ ಬರ್ತ್ ಕೊಡುತ್ತಾರೆಯೇ?

ಉತ್ತರ: ಇಲ್ಲ. 2016ರ ಏಪ್ರಿಲ್‌ನಿಂದ 5 ತುಂಬಿದ, 12 ತುಂಬದ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರ. ಅರ್ಧ ದರದಲ್ಲಿ ಹೋಗಬಹುದು, ಆದರೆ ಬರ್ತ್ ಇರುವುದಿಲ್ಲ. ಹಗಲಿನ ನಾಲ್ಕೈದು ಗಂಟೆಯ ಪ್ರಯಾಣವಾದರೆ ಅರ್ಧ ಟಿಕೆಟ್ ಸಾಕು. ರಾತ್ರಿ ಪ್ರಯಾಣಕ್ಕೆ ಪೂರ್ತಿ ಕೊಟ್ಟು ನಿಮ್ಮ ಪಿಎನ್‌ಆರ್‌ನಲ್ಲೇ ಅವನ ಹೆಸರು ಸೇರಿಸಿ. ಹತ್ತು ವರ್ಷದ ಹುಡುಗ, ದೊಡ್ಡವರೊಬ್ಬರು ಒಂದೇ ಬರ್ತ್‌ನಲ್ಲಿ ಮಲಗಿದರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಮೊದಲು ಅರ್ಧ ಟಿಕೆಟ್ ತೆಗೆದು, ಆಮೇಲೆ ರೈಲಿನಲ್ಲಿ ಬರ್ತ್ ಕೇಳಿ ಪಡೆಯೋಣ ಎಂಬ ಲೆಕ್ಕಾಚಾರವೂ ರಜೆಯ ದಿನಗಳಲ್ಲಿ ನಡೆಯುವುದಿಲ್ಲ.