ಮಗನ ಮನೆಯಿಂದ ಬಾಡಿಗೆಯ ಫ್ಲ್ಯಾಟಿಗೆ: ಒಂದು ಆಪ್ತಸಲಹೆ ಪ್ರಕರಣ

ಬದಿಯಡ್ಕದ ಒಳಭಾಗದ ಅಡಿಕೆ ತೋಟದ ಮನೆಯೊಂದರಿಂದ ತಂದೆ, ಮಗ ಇಬ್ಬರೂ ಜತೆಯಾಗಿಯೇ ಬಂದಿದ್ದರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ). ತಂದೆ ಕನ್ನಡ ಮಾಧ್ಯಮ ಶಾಲೆಯಿಂದ ನಿವೃತ್ತರಾದ ಅಧ್ಯಾಪಕರು, ಎಪ್ಪತ್ತರ ಆಸುಪಾಸಿನವರು, ಪತ್ನಿ ತೀರಿಹೋಗಿದ್ದಾರೆ. ಕಾಸರಗೋಡು ಪೇಟೆಯ ಹೊರವಲಯದ ವಿದ್ಯಾನಗರದಲ್ಲಿ ಒಂದು ಮಲಗುವ ಕೋಣೆಯ ಫ್ಲ್ಯಾಟನ್ನು ತಾವೇ ನೋಡಿ, ಬಾಡಿಗೆ ಮಾತನಾಡಿ, ಮುಂಗಡ ಕೊಡುವ ಹಿಂದಿನ ದಿನವಷ್ಟೇ ಮನೆಯಲ್ಲಿ ತಿಳಿಸಿದ್ದರು. ಅಂದಿನಿಂದ ಮಗ ಅವರೊಂದಿಗೆ ಊಟಕ್ಕೆ ಕೂತಿರಲಿಲ್ಲ.

ಮಗನ ಅಳಲು ನೇರವಾಗಿತ್ತು. "ಜಾತ್ರೆಯಲ್ಲಿ ನೆಂಟರು ಕೇಳಿದರೆ ನಾನೇನು ಹೇಳಲಿ? ಜಾಗ ಬರೆಸಿಕೊಂಡು ಅಪ್ಪನನ್ನು ಹೊರಗೆ ಹಾಕಿದ ಎನ್ನುವುದಿಲ್ಲವೇ?" ತೋಟವನ್ನು ತಂದೆ ಆಗಲೇ ದಾನಪತ್ರ ಮಾಡಿಕೊಟ್ಟಿದ್ದರಿಂದ ಈ ಭಯ ಬರಿಯ ಕಲ್ಪನೆಯಾಗಿರಲಿಲ್ಲ. ಸೊಸೆಯನ್ನು ಬೇರೆಯಾಗಿ ಕರೆದು ಮಾತನಾಡಿಸಿದಾಗ, ಊರು ಕೊನೆಗೆ ಬೊಟ್ಟು ಮಾಡುವುದು ತನ್ನತ್ತಲೇ ಎಂಬ ಸಂಕಟವನ್ನು ಆಕೆ ಹೇಳಿಕೊಂಡರು.

ತಂದೆ ಮಾತ್ರ ಬಹಳ ಹೊತ್ತು ಕಾರಣ ಹೇಳಲಿಲ್ಲ. ಒಬ್ಬರೇ ಇದ್ದಾಗ ಕೈಚೀಲದಿಂದ ತಾಳಮದ್ದಲೆಯ, ಸಾಹಿತ್ಯ ಕೂಟಗಳ ಆಮಂತ್ರಣಪತ್ರಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದೊಂದರ ಹಿಂಬದಿಯಲ್ಲೂ ಊರಿಗೆ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಅವರು ಹೋಗಲಾಗದೆ ಉಳಿದ ಕಾರ್ಯಕ್ರಮಗಳವು. ವೈದ್ಯರಲ್ಲಿಗೆ ಹೋಗಬೇಕಾದರೂ ಅಡಿಕೆ ಕೊಯ್ಲಿನ ನಡುವೆ ಮಗನನ್ನು ಕಾರಿಗಾಗಿ ಕೇಳಬೇಕಿತ್ತು. "ಅವನು ಇಲ್ಲ ಎನ್ನುವುದಿಲ್ಲ, ಕೇಳಿ ಕೇಳಿ ನನಗೇ ಸಾಕಾಗಿದೆ" ಎಂದರು. ಈ ಮಾತನ್ನು ಮಗ ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ತನ್ನ ಮನೆಯಲ್ಲಿ ಏನೋ ಕೊರತೆಯಾಗಿದೆ ಎಂದೇ ತಿಳಿದಿದ್ದ. ನನ್ನ ದೃಷ್ಟಿಯಲ್ಲಿ ಜಗಳದ ಬೇರು ಫ್ಲ್ಯಾಟಿನಲ್ಲಿರದೆ, ಹೇಳದೆ ಉಳಿದ ಈ ಕಾರಣದಲ್ಲಿತ್ತು.

ಯಾರೋ ಹಿತೈಷಿಗಳು ತಂದೆಗೆ, ಹಿರಿಯ ನಾಗರಿಕರ 2007ರ ಕಾಯ್ದೆಯಡಿ ದಾನಪತ್ರವನ್ನೇ ರದ್ದು ಮಾಡಿಸಬಹುದೆಂದು ಹೇಳಿಕೊಟ್ಟಿದ್ದರು. ಆ ಕಾಯ್ದೆಯ 23ನೆಯ ಕಲಮು ಅನ್ವಯಿಸುವುದು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಬಳಿಕ ಕೈಬಿಟ್ಟಾಗ. ನೋಡಿಕೊಳ್ಳುತ್ತೇನೆಂದು ಮಗನೇ ಪಟ್ಟು ಹಿಡಿದಿರುವಲ್ಲಿ ಆ ಮಾತನ್ನೆತ್ತುವುದು ಮನಸ್ಸು ಕೆಡಿಸುವುದಕ್ಕಷ್ಟೇ ಸಾಕು ಎಂದು ಸ್ಪಷ್ಟವಾಗಿ ಹೇಳಿದೆ.

ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಇದು: ತಾವು ಏಕೆ ಹೋಗುತ್ತಿದ್ದೇವೆಂಬುದನ್ನು ತಂದೆಯೇ, ಮಗ ಸೊಸೆಯರ ಎದುರಿನಲ್ಲಿ, ನೆಂಟರಿಗೆ ಮೊದಲೇ ತಿಳಿಸಬೇಕು. ಒಂಟಿ ಹಿರಿಯರಿಗೆ ಮನೆ ಕೊಡಲು ಹಿಂಜರಿದ ಮಾಲೀಕರು ಮನೆಯವರೊಬ್ಬರ ಸಹಿ ಕೇಳಿದ್ದರು. ಮಗನೇ ಸಾಕ್ಷಿಯಾಗಿ ಸಹಿ ಹಾಕಲಿ, ಹಾಲು ಉಕ್ಕಿಸುವ ದಿನ ಮೊಮ್ಮಕ್ಕಳ ಸಮೇತ ಎಲ್ಲರೂ ಹೋಗಲಿ ಎಂದೆ. ಊರವರಿಗೆ ಬೇರೆ ಉತ್ತರ ಬೇಕಾಗುವುದಿಲ್ಲ. ಬಾಡಿಗೆಯನ್ನು ತಂದೆ ತಮ್ಮ ಪಿಂಚಣಿಯಿಂದಲೇ ಕೊಡಬೇಕು. ತೋಟದ ತೆಂಗಿನಕಾಯಿ, ಬಾಳೆಗೊನೆ ಬಂದರೆ ಬೇಡವೆನ್ನಬಾರದು. ಹಳೆಯ ಮನೆಯಲ್ಲಿ ಅವರ ಕೋಣೆ ಹಾಗೆಯೇ ಇರಬೇಕು.

ಕರಾರನ್ನು ವಾಡಿಕೆಯಂತೆ ಹನ್ನೊಂದು ತಿಂಗಳಿಗೆ ಮಾಡಿಕೊಳ್ಳುವುದು ಇಬ್ಬರಿಗೂ ಅನುಕೂಲ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅಲ್ಲದೆ ಒಗ್ಗದಿದ್ದರೆ ಮರಳುವುದಕ್ಕೂ ದಾರಿ ಇರುತ್ತದೆ. ಕರಡು ಮಲಯಾಳದಲ್ಲಿತ್ತು. ಮಾತು ಬಂದರೂ ಲಿಪಿ ಸರಾಗವಾಗಿ ಓದಲು ಬಾರದ ಅಧ್ಯಾಪಕರು ಸಂಕೋಚದಿಂದ ಸಹಿ ಹಾಕುವವರಿದ್ದರು. ಪ್ರತಿ ಸಾಲನ್ನೂ ಓದಿಸಿ ಕೇಳಿದ ಮೇಲೆಯೇ ಸಹಿ ಎಂದು ತಡೆದೆ. ಮುಂಗಡ ಮರಳಿಸುವ ಅವಧಿ, ಬೇಸಿಗೆಯಲ್ಲಿ ಬಾವಿ ಬತ್ತಿದರೆ ಟ್ಯಾಂಕರ್ ನೀರಿನ ಖರ್ಚು ಯಾರದು, ಎರಡು ತಿಂಗಳಿಗೊಮ್ಮೆ ಬರುವ ಕರೆಂಟು ಬಿಲ್ಲು ಯಾರ ಹೆಸರಿನಲ್ಲಿ ಎಂಬಿವು ಬರಹದಲ್ಲಿರಬೇಕು. ಮೂರನೆಯ ಮಹಡಿಯ ಬದಲು ನೆಲಮಹಡಿ ಸಿಕ್ಕಿದರೆ ಒಳ್ಳೆಯದು, ಬಚ್ಚಲಿನ ನುಣುಪು ಟೈಲಿನ ಬಳಿ ಹಿಡಿಕೆ ಬೇಕೇ ಬೇಕು.

ಒಂದು ಬೀಗದಕೈ ಪಕ್ಕದ ಮನೆಯವರಲ್ಲಿರಲು ತಂದೆ ಒಪ್ಪಿದ್ದಾರೆ. ದಿನವೂ ಬೆಳಿಗ್ಗೆ ಫೋನ್ ಮಾಡಬೇಕೆಂಬ ಮಗನ ಬೇಡಿಕೆಗೆ ಇನ್ನೂ ಒಪ್ಪಿಲ್ಲ. ಅದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.