ಯಜಮಾನರು "ಇನ್ನು ಸಾಕು" ಅಂತಾರೆ, ನಿಲ್ಲಲೋ ಬಿಡಲೋ?

ಪ್ರಶ್ನೆ: 2020ರ ಡಿಸೆಂಬರ್‌ನಲ್ಲಿ ನಮ್ಮ ವಾರ್ಡು ಮಹಿಳೆಗೆ ಬಂತು ಅಂತ ಯಜಮಾನರು ನನ್ನನ್ನು ಗ್ರಾಮ ಪಂಚಾಯಿತಿಗೆ ನಿಲ್ಲಿಸಿದರು. ಗೆದ್ದೆ. ಎರಡನೇ ಅವಧಿಗೆ ಅಧ್ಯಕ್ಷೆಯೂ ಆದೆ. ಮೊದಮೊದಲು ಎಲ್ಲ ಅವರದ್ದೇ ಓಡಾಟ, ಬಿಲ್ಲಿಗೆ ನನ್ನ ಡಿಜಿಟಲ್ ಸಹಿ ಹಾಕೋ ಡಾಂಗಲ್ ಕೂಡ ಅವರ ಬ್ಯಾಗಲ್ಲೇ. ಕಟ್ಟದೇ ಇರೋ ಚರಂಡಿಗೆ ಬಿಲ್ ಆಗಿದೆ ಅಂತ ಆಡಿಟ್‌ನಲ್ಲಿ ಆಕ್ಷೇಪಣೆ ಎದ್ದು ನನ್ನ ಹೆಸರಿಗೆ ನೋಟಿಸ್ ಬಂತು. ಆಮೇಲೆ ನಾನೇ ಆಫೀಸಿಗೆ ಹೋಗಿ ಕೂರತೊಡಗಿದೆ. ಈಗ ಕೆಲಸ ತಿಳಿದಿದೆ, ಇಷ್ಟವೂ ಆಗಿದೆ. ನಮ್ಮ ಓಣಿಯವರು ಮತ್ತೆ ನಿಲ್ಲಿ ಅಂತಾರೆ. ಆದರೆ ಈ ಸಲ ವಾರ್ಡು ಸಾಮಾನ್ಯಕ್ಕೆ ಹೋಗುತ್ತಂತೆ. "ನೀನು ಮನೆ ನೋಡ್ಕೊ, ನಾನು ನಿಲ್ತೀನಿ" ಅಂತಾರೆ ಯಜಮಾನರು. ನಾನು ಹಟ ಹಿಡಿದರೆ ಮನೆ ಒಡೆಯುತ್ತೆ ಅಂತಾರೆ ಅತ್ತೆ. ಹೋದ ಚುನಾವಣೆಗೆ ಅಡಿಕೆ ಮಂಡಿಯಲ್ಲಿ ತಂದ ಸಾಲವೂ ತೀರಿಲ್ಲ. ಏನು ಮಾಡಲಿ?
– ಹೊಳಲ್ಕೆರೆ ತಾಲ್ಲೂಕಿನ ಓದುಗರು

ನಮಸ್ಕಾರ ಅಧ್ಯಕ್ಷರೇ,

ನಿಲ್ಲಿ. ನನ್ನ ಉತ್ತರ ಇಷ್ಟೇ. ಆದರೆ ಇವತ್ತೇ ಮನೆಯಲ್ಲಿ ಸಾರಬೇಡಿ, ಅದಕ್ಕೂ ಮುಂಚೆ ಮುಗಿಸಬೇಕಾದ್ದು ಇದೆ.

ಮೊದಲು ಈ ಸಾಮಾನ್ಯ ಸ್ಥಾನದ ವಿಷಯ. ಅದು ಗಂಡಸರ ಸ್ಥಾನ ಅಂತ ನಮ್ಮ ಕಡೆ ಅರಳಿಕಟ್ಟೆಯಲ್ಲಿ ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ, ಕಾನೂನಿನಲ್ಲಿ ಹಾಗಿಲ್ಲ. 1987ರಲ್ಲಿ ಈಗಿನ ಗ್ರಾಮ ಪಂಚಾಯಿತಿಗೂ ಮುಂಚೆ ಇದ್ದ ಮಂಡಲ ಪಂಚಾಯಿತಿಗೆ ಚುನಾವಣೆ ನಡೆದಾಗ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇತ್ತು, ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ ಮೂರರಲ್ಲಿ ಒಂದು ಪಾಲಾಯಿತು, ಈಗ ಅರ್ಧ. ಉಳಿದ ಅರ್ಧದಲ್ಲಿ ಹೆಂಗಸರು ಕಾಲಿಡಬಾರದು ಅಂತ ಎಲ್ಲೂ ಬರೆದಿಲ್ಲ. ಇನ್ನೊಂದು ಮಾತು: ಪಂಚಾಯಿತಿಯ ಒಂದೊಂದು ವಾರ್ಡಿಗೆ ಸಾಮಾನ್ಯವಾಗಿ ಎರಡು, ಮೂರು ಸ್ಥಾನ ಇರುತ್ತೆ, ಒಂದು ಮಹಿಳೆಗೆ, ಒಂದು ಸಾಮಾನ್ಯಕ್ಕೆ ಹೀಗೆ. ನಿಮ್ಮ ವಾರ್ಡಿನಲ್ಲಿ ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಅಂತ ಮೀಸಲಾತಿ ಪಟ್ಟಿ ಬರೋವರೆಗೂ ಯಾರಿಗೂ ತಿಳಿಯೋದಿಲ್ಲ. ಅಧ್ಯಕ್ಷ ಸ್ಥಾನದ ಮೀಸಲು ಇನ್ನೂ ಬೇರೆ ಲೆಕ್ಕ. ಊರ ಮಾತು ಕೇಳಿ ಈಗಲೇ ಗಂಡ ಹೆಂಡತಿ ಕಿತ್ತಾಡಿ, ನಾಳೆ ಆ ಸ್ಥಾನ ಮಹಿಳೆಗೇ ಬಂದರೆ? ಆಗ ಇದೇ ಯಜಮಾನರು ನಾಮಪತ್ರ ಹಿಡಿದುಕೊಂಡು ನಿಮ್ಮ ಹಿಂದೆ ಬರುತ್ತಾರೆ, ನೋಡ್ತಾ ಇರಿ.

ಈಗ ಚರಂಡಿ. ನೀವು ಇದನ್ನು ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ, ನನಗೆ ಮಾತ್ರ ಅಲ್ಲೇ ಎದೆ ಧಸಕ್ ಅಂತು. ಡಾಂಗಲ್ ಯಾರ ಬ್ಯಾಗಲ್ಲಿತ್ತು ಅಂತ ಆಡಿಟ್‌ನವರು ನೋಡೋದಿಲ್ಲ, ಬಿಲ್ಲಿಗೆ ಒಪ್ಪಿಗೆ ಯಾರ ಹೆಸರಲ್ಲಿ ಬಿತ್ತು ಅಂತ ನೋಡುತ್ತಾರೆ. ಅಲ್ಲಿ ಇರೋದು ನೀವು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). "ನಮ್ಮ ಮನೆಯವರು ಮಾಡಿದ್ದು, ನಂಗೇನೂ ಗೊತ್ತಿಲ್ಲ" ಅಂತ ಬರೆದುಕೊಟ್ಟರೆ ನೀವು ಪಾರಾಗೋದಿಲ್ಲ, ನಿಮ್ಮ ಡಾಂಗಲ್ ಇನ್ನೊಬ್ಬರ ಕೈಗೆ ಕೊಟ್ಟಿದ್ದೆ ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತೆ. ಹಾಗಾಗಿ ಬಾಯಲ್ಲಿ ಯಾರಿಗೂ ಏನೂ ಹೇಳಬೇಡಿ. ಆ ಬಿಲ್ಲಿನ ನಕಲು, ಇಂಜಿನಿಯರ್ ಅಳತೆ ಬರೆದ ಎಂ.ಬಿ. ಪುಸ್ತಕದ ಪುಟ, ಆ ತಿಂಗಳ ಸಭೆಯ ನಡಾವಳಿ, ಕೆಲಸದ ಫೋಟೋ, ಇಷ್ಟಕ್ಕೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಸ್ವೀಕೃತಿ ತಗೊಳ್ಳಿ. ಕಟ್ಟದ ಚರಂಡಿಗೆ ಅಳತೆ ಬರೆದವರು ಯಾರು ಅನ್ನೋದು ಆ ಪುಟದಲ್ಲೇ ಇರುತ್ತೆ. ಅದನ್ನು ಇಟ್ಟುಕೊಂಡು ವಕೀಲರನ್ನು ಕಾಣಿ, ಆಮೇಲೆ ನೋಟಿಸಿಗೆ ಉತ್ತರ. ಇದನ್ನು ಹಾಗೇ ಬಿಟ್ಟು ಕಣಕ್ಕೆ ಇಳಿದರೆ ಎದುರಾಳಿಗೆ ಬೇರೆ ಪ್ರಚಾರವೇ ಬೇಡ, ಆ ನೋಟಿಸನ್ನೇ ಜೆರಾಕ್ಸ್ ಮಾಡಿಸಿ ಮನೆಮನೆಗೆ ಹಂಚುತ್ತಾನೆ.

ಇನ್ನು ಯಜಮಾನರು. ಅವರು ಕೆಟ್ಟವರು ಅಂತ ನನಗೆ ಅನ್ನಿಸಲಿಲ್ಲ. ಅವರೇ ನಿಲ್ಲಿಸಿದರು, ಸಾಲ ತಂದರು, ಓಡಾಡಿದರು. ಟೀ ಅಂಗಡಿಗೆ ಹೋದರೆ ನಾಲ್ಕು ಜನ "ಬರ್ರಿ ಅಧ್ಯಕ್ಷರೇ" ಅಂತ ಅವರಿಗೇ ಬೆಂಚು ಬಿಡುತ್ತಿದ್ದರು ಅಂತ ಕಾಣುತ್ತೆ. ನೀವು ಕುರ್ಚಿಯಲ್ಲಿ ಕೂತ ದಿನದಿಂದ ಆ ಮರ್ಯಾದೆ ನಿಂತುಹೋಯಿತು, ಹೊಟ್ಟೆಯಲ್ಲಿ ಇರೋದು ಅದೇ ಸಂಕಟ. ಅವರಿಗೂ ಆಸೆ ಇದ್ದರೆ ತಪ್ಪಿಲ್ಲ. ಎರಡು ಸ್ಥಾನ ಇದ್ದು ಒಂದು ಮಹಿಳೆಗೆ ಬಂದರೆ ಇಬ್ಬರೂ ನಿಲ್ಲಬಹುದು, ಆದರೆ ಒಂದೇ ಮನೆಗೆ ಎರಡು ವೋಟು ಕೇಳಿದರೆ ಜನ ಮುಖ ಸಿಂಡರಿಸುತ್ತಾರೆ, ಇಬ್ಬರೂ ಸೋಲುವ ಸಾಧ್ಯತೆಯೇ ಜಾಸ್ತಿ. ಇರೋದು ಒಂದೇ ಸಾಮಾನ್ಯ ಸ್ಥಾನ ಅಂದರೆ ಅವರನ್ನು ಕೂರಿಸಿಕೊಂಡು ನೇರವಾಗಿ ಕೇಳಿ: "ಓಣಿಯವರು ಯಾರನ್ನು ಕೇಳ್ತಿದಾರೆ? ಗೆಲ್ಲೋದು ಯಾರು?" ಚುನಾವಣೆ ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತೆ, ಇಲ್ಲದಿದ್ದರೆ ನಿಮ್ಮನ್ನು ಗೆಲ್ಲಿಸುತ್ತಿರಲಿಲ್ಲ.

ರಾಜಕೀಯದಲ್ಲಿ ಹೆಂಗಸರಿಗೆ ಮನೆಯವರ ಬೆಂಬಲ ಇಲ್ಲದೆ ಆಗಲ್ಲ ಅನ್ನೋದು ಅರ್ಧ ನಿಜ. 2024ರಲ್ಲಿ ಪಕ್ಕದ ದಾವಣಗೆರೆಯಲ್ಲಿ ಲೋಕಸಭೆಗೆ ಮುಖ್ಯ ಪೈಪೋಟಿ ಇಬ್ಬರು ಹೆಂಗಸರ ನಡುವೆಯೇ ನಡೆಯಿತು, ಪ್ರಭಾ ಮಲ್ಲಿಕಾರ್ಜುನ್ ಗೆದ್ದರು, ಗಾಯತ್ರಿ ಸಿದ್ದೇಶ್ವರ ಸೋತರು. ಒಬ್ಬರ ಯಜಮಾನರು ಆಗ ಸಚಿವರು, ಇನ್ನೊಬ್ಬರ ಯಜಮಾನರು ಆಗಿನ ಸಂಸದರು. ಟಿಕೆಟ್ಟು ಮನೆಯಿಂದಲೇ ಹೊರಟಿತು ಅನ್ನಿ. ಆದರೆ ಅದೇ ಜಿಲ್ಲೆಯ ಮಾಯಕೊಂಡದಿಂದ ಗೆದ್ದು ಮಂತ್ರಿಯಾದ ನಾಗಮ್ಮ ಕೇಶವಮೂರ್ತಿ ಅವರ ಹೆಸರು ಬಂದರೆ ದಾವಣಗೆರೆಯ ಹಿರಿಯರು ಇವತ್ತಿಗೂ ವನಿತಾ ಸಮಾಜ ಅನ್ನೋ ಮಹಿಳಾ ಸಂಸ್ಥೆಯಲ್ಲಿ ಅವರು ಮಾಡಿದ ಕೆಲಸ ನೆನೆಯುತ್ತಾರೆ. ನಿಮಗೂ ಕೈಯಲ್ಲಿ ಕೆಲಸ ಇದೆ.

ಸಾಲದ ಮಾತು ಚಿಕ್ಕದು, ಕಹಿ. ಹಳೇದು ತೀರೋವರೆಗೆ ಹೊಸದು ಒಂದು ರೂಪಾಯಿಯೂ ಬೇಡ. ಸಾಲ ಮಾಡಿ ಗೆದ್ದವರ ಮನೆಯಲ್ಲೇ ಕಟ್ಟದ ಚರಂಡಿಗೆ ಬಿಲ್ ಆಗೋದು, ಸಿಟ್ಟಾಗಬೇಡಿ. ಹಣ ಹಂಚದೆ ನಿಲ್ಲುತ್ತೀನಿ ಅಂತ ಓಣಿಯವರಿಗೆ ಈಗಲೇ ಹೇಳಿ ನೋಡಿ. ಆಮೇಲೂ "ನಿಲ್ಲಿ" ಅಂದರೆ ಆ ಮಾತಿಗೆ ತೂಕ ಇದೆ.

ಅತ್ತೆಯವರ ಜೊತೆ ವಾದ ಬೇಡ. ಸಭೆ ಇರುವ ದಿನ ಅಡುಗೆ ಯಾರದ್ದು, ಮಕ್ಕಳನ್ನು ನೋಡಿಕೊಳ್ಳೋರು ಯಾರು ಅಂತ ಅವರನ್ನೇ ಕೇಳಿ ಗೊತ್ತು ಮಾಡಿಕೊಳ್ಳಿ. ಮೀಸಲಾತಿ ಪಟ್ಟಿ ಬಂದ ಮೇಲೆ ಇನ್ನೊಂದು ಪತ್ರ ಹಾಕಿ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಈ ಸೋಮವಾರವೇ ಹೋಗಲಿ.