ಪಾಲಿಶ್ ಮಾಡದ ಅಕ್ಕಿ ಉಂಡರೆ ರಕ್ತಹೀನತೆ ನೀಗುವುದೇ?

ಅದರಿಂದ ಮಾತ್ರವೇ ನೀಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 0.65 ಮಿ.ಗ್ರಾಂ, ತೌಡು ಉಳಿದ ಅಕ್ಕಿಯಲ್ಲಿ ಸುಮಾರು 1 ಮಿ.ಗ್ರಾಂ ಕಬ್ಬಿಣವಿರುತ್ತದೆ, ನಮ್ಮ ಹಾನಗಲ್ಲ ಕಡೆಯ ಗಿರಣಿಗಳಲ್ಲಿ ಅಕ್ಕಿ ಬೆಳ್ಳಗಾದಷ್ಟೂ ಈ ಅಂಶ ತೌಡಿನೊಂದಿಗೆ ದನಗಳ ಪಾಲಾಗುತ್ತದೆ. ಆದರೆ ಅದೇ ತೌಡಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ತಡೆಯುವುದರಿಂದ, ಹೆಚ್ಚಿಗೆ ಇದ್ದದ್ದೆಲ್ಲ ದೇಹಕ್ಕೆ ದಕ್ಕುವುದಿಲ್ಲ. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ, ಅಂದರೆ ಕಬ್ಬಿಣ ಮುಂತಾದ ಪೋಷಕಾಂಶ ಸೇರಿಸಿ ತಯಾರಿಸಿದ ಕಾಳುಗಳನ್ನು ಬೆರೆಸಿದ ಅಕ್ಕಿಯಲ್ಲಿ, ಕಿಲೋಗೆ 28ರಿಂದ 42.5 ಮಿ.ಗ್ರಾಂ ಕಬ್ಬಿಣ ಇರಬೇಕೆಂಬ ನಿಯಮವಿದೆ. ಆ ಕಾಳುಗಳನ್ನು ಪ್ಲಾಸ್ಟಿಕ್ ಎಂದು ಆರಿಸಿ ಚೆಲ್ಲುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅನ್ನ-ಸಾರಿನ ಮೇಲೆ ಲಿಂಬೆಹಣ್ಣು ಹಿಂಡಿಕೊಂಡರೆ ಅದರ ಸಿ ಜೀವಸತ್ವವು ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ, ಊಟದ ಬೆನ್ನಿಗೇ ಕುಡಿದ ಚಹಾ ಅದನ್ನು ತಗ್ಗಿಸುತ್ತದೆ.